ಪಡುವಣ ಚಾಪೆಯ ಲೆಕ್ಕ

ಅಮರೇಶನನ್ನು ನಾನು ಮೊದಲು ನೋಡಿದ್ದು ತೊಂಬತ್ತೆರಡರ ಬೇಸಿಗೆಯಲ್ಲಿ, ನಮ್ಮ ಮಹಡಿಯ ಕೋಣೆ ನೋಡಲು ಅವನು ಬಂದ ದಿನ. ನಾನು ಜಗಲಿಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದೆ. ಅವನು ಗೇಟಿನ ಹೊರಗೆ ನಿಂತು, "ಅವ್ವಾರ, ಮ್ಯಾಲಿನ ಖೋಲಿ ಖಾಲಿ ಐತಂತ ಅಂಗಡ್ಯಾಗ ಹೇಳಿದ್ರು" ಎಂದ. ಮಾತಿನಲ್ಲೇ ರಾಯಚೂರು ಸೀಮೆಯವನೆಂದು ತಿಳಿಯಿತು. ಎತ್ತರದ ಆಳು, ತೆಳ್ಳಗಿನ ಮೈ, ದಪ್ಪ ಚೌಕಟ್ಟಿನ ಕನ್ನಡಕ. ಅಂಗಿಯ ಕಾಲರಿನೊಳಗೆ ಶಿವದಾರ ಕಂಡಿತು. ನಾನು ಎದ್ದು ಹೋಗಿ ಗೇಟು ತೆಗೆದೆ.

ಮನೆ ನೋಡಲು ಬರುವವರು ಮೊದಲು ನಲ್ಲಿ ತಿರುಗಿಸಿ ನೋಡುತ್ತಾರೆ, ಆಮೇಲೆ ಬಚ್ಚಲು ನೋಡುತ್ತಾರೆ. ಇವನು ಎರಡನ್ನೂ ನೋಡಲಿಲ್ಲ. ಕೋಣೆಯ ನಡುವೆ ಹೋಗಿ ನಿಂತು, ಮೂಡಣ ಯಾವ ಕಡೆ ಎಂದು ಕೇಳಿದ. ತೋರಿಸಿದೆ. ಮೂಡಣದ ಗೋಡೆಯ ಕಡೆ ಒಮ್ಮೆ, ಪಡುವಣದ ಗೋಡೆಯ ಕಡೆ ಒಮ್ಮೆ ತಿರುಗಿ ನಿಂತ.

"ಇಬ್ಬರು ಬೆನ್ನಿಗೆ ಬೆನ್ನು ಮಾಡಿ ಕುಂತ್ರ ನಡುವ ಜಾಗ ಉಳಿತದಲ್ರೀ?"

"ಉಳೀದೆ ಏನಪ್ಪಾ. ಇಬ್ರು ಇರ್ತೀರಾ?"

"ಹೌದ್ರಿ. ಇಬ್ಬರು."

"ಇನ್ನೊಬ್ರು ನೋಡೋಕೆ ಬರ್ಲಿಲ್ವಾ?"

"ಅಂವ ನನ್ನ ಮಾತು ಒಪ್ಪಕೋತಾನ್ರಿ" ಎಂದು ನಕ್ಕ.

ಮರುದಿನ ಒಂದು ಲಗೇಜು ಆಟೋದಲ್ಲಿ ಸಾಮಾನು ಬಂತು. ಎರಡು ಚಾಪೆ, ನೆಲಕ್ಕೆ ಕೂತು ಬರೆಯುವ ಎರಡು ಇಳಿಜಾರು ಮಣೆ, ಕಟ್ಟುಗಟ್ಟಲೆ ಹಾಳೆ, ಒಂದು ಸೀಮೆಎಣ್ಣೆ ಸ್ಟೌ. ಒಂದು ಚಾಪೆಯನ್ನು ಮೂಡಣದ ಗೋಡೆಗೆ ಮುಖಮಾಡಿ ಹಾಸಿದ, ಇನ್ನೊಂದನ್ನು ಪಡುವಣದ ಗೋಡೆಗೆ. ಜೊತೆಗಾರ ಬರಲಿಲ್ಲ. ಶಿಫ್ಟಿನ ಕೆಲಸವಿರಬೇಕು, ಬರುತ್ತಾನೆ ಎಂದುಕೊಂಡೆ.

ನಮ್ಮ ಮನೆ ಇರುವುದು ಪೀಣ್ಯದಲ್ಲಿ, ಒಂದು ಪ್ರೆಸ್ ಶಾಪಿನ ಬೆನ್ನಿಗೆ. ಅಲ್ಲಿ ತಗಡು ಕತ್ತರಿಸುವ ದೊಡ್ಡ ಪ್ರೆಸ್ ಬಿದ್ದಾಗಲೆಲ್ಲ ನೆಲ ಅದುರುತ್ತದೆ. ಕಪಾಟಿನ ಪಾತ್ರೆಗಳು ದಿನವೂ ಒಂದಿಷ್ಟು ಮುಂದೆ ಸರಿದು ಅಂಚಿಗೆ ಬರುತ್ತವೆ. ಬೀಳದಿರಲಿ ಎಂದು ನಮ್ಮ ಯಜಮಾನರು ಇದ್ದಾಗಲೇ ಅಂಚಿಗೊಂದು ಪಟ್ಟಿ ಹೊಡೆದಿದ್ದರು. ಅವರು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಪಟ್ಟಿ ಇನ್ನೂ ಗಟ್ಟಿಯಾಗಿದೆ. ಅಮರೇಶ ಇದೇ ಪೀಣ್ಯದಲ್ಲಿ ಕರೆಂಟಿನ ಸ್ಟೆಬಿಲೈಸರ್ ಮಾಡುವ ಕಂಪನಿಯೊಂದರಲ್ಲಿ ಪರೀಕ್ಷೆಯ ಮೇಜಿನ ಮುಂದೆ ಕೂರುತ್ತಿದ್ದ. ಸಂಜೆಗೆ ಬಂದು ಕೈಕಾಲು ತೊಳೆದು ಚಾಪೆಯ ಮೇಲೆ ಕೂತರೆ ಮುಗಿಯಿತು. ರಜೆಯ ದಿನ ಪೂರ್ತಿ ಅದೇ.

ಅವನ ಊಟ ನನ್ನಲ್ಲೇ ಆಯಿತು. ಅವನು ಟೀ ಕುಡಿಯುವವನು, ಸಕ್ಕರೆ ಹೆಚ್ಚು. ಆದರೆ ಕೆಲವು ದಿನ ಮೆಟ್ಟಿಲ ಮೇಲಿಂದ, "ಕಾಫಿ ಕೊಡ್ತೀರಾ? ಸಕ್ಕರೆ ಬೇಡ" ಎನ್ನುತ್ತಿದ್ದ. ಮಾಡಿಕೊಡುತ್ತಿದ್ದೆ. ಟೀ ಕುಡಿದ ದಿನ ಅವನು ಮೂಡಣದ ಚಾಪೆಯಲ್ಲಿರುತ್ತಿದ್ದ. ಕಾಲು ಅಲುಗಿಸುತ್ತ, ಏನೋ ಗುನುಗುತ್ತ, ಬರೆದದ್ದನ್ನು ಹೊಡೆದು ಹಾಕುತ್ತ ಕೂರುತ್ತಿದ್ದ. ಕಾಫಿ ಕುಡಿದ ದಿನ ಪಡುವಣದ ಚಾಪೆ. ಆಗ ಬೆನ್ನು ನೆಟ್ಟಗೆ. ಹಾಳೆ ತಿರುಗಿಸುವ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಏನನ್ನೂ ಹೊಡೆದು ಹಾಕುತ್ತಿರಲಿಲ್ಲ. ಹಪ್ಪಳ ಒಣಹಾಕಲು ಮಹಡಿಗೆ ಹೋದಾಗಲೆಲ್ಲ ಇದು ನನ್ನ ಕಣ್ಣಿಗೆ ಬೀಳುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ. "ನಿನ್ನ ಸ್ನೇಹಿತರು ಯಾವಾಗಪ್ಪಾ ಬರೋದು?"

ಅವನು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಅಂವ ತೀರಿಕೊಂಡಾನ್ರಿ ಅವ್ವಾ. ಹೋದ ವರ್ಷ. ಕಾಮಾಲಿ ಆಗಿತ್ತು."

ಅವನ ಹೆಸರು ವಾದಿರಾಜ. ಬೆಂಗಳೂರಿನವನೇ, ಮಾಧ್ವರ ಮನೆಯ ಹುಡುಗ. ಇಬ್ಬರೂ ಒಂದೇ ಕಡೆ ಸಂಶೋಧನೆಗೆ ಸೇರಿದ್ದರು. ಏನು ಸಂಶೋಧನೆ ಎಂದು ಕೇಳಿದೆ. ನನಗೆ ಹೇಳಿದರೆ ತಿಳಿಯುವುದಿಲ್ಲ ಎಂದು ಅವನು ಯಾವತ್ತೂ ಅಂದವನಲ್ಲ. ಅಂದೂ ಹೇಳಿದ.

"ಅವ್ವಾ, ನವಾರಿನ ಮಂಚದ ಮ್ಯಾಲ ನೀವು ಕುಂತ್ರಿ ಅಂದ್ರ ನವಾರ ಜಗ್ಗತದ. ಬಾಜೂಕ ನಿಂಬಿಹಣ್ಣು ಇಟ್ರ ನಿಮ್ಮ ಕಡೆ ಉರುಳಿ ಬರತದ. ನೀವೇನು ಅದನ್ನ ಎಳದಿಲ್ಲ. ಭೂಮಿನೂ ಹಾಂಗ, ಸುತ್ತಲ ಜಾಗಾನ ಜಗ್ಗಸ್ತದ. ಇದು ದೊಡ್ಡದರ ನಿಯಮ. ಸಣ್ಣದರ ನಿಯಮ ಬ್ಯಾರೆ. ಭಾಳ ಸಣ್ಣದು ಯಾವುದೂ ಸುಮ್ಮ ಕುಂದ್ರಂಗಿಲ್ಲ, ನಡಗತಿರತದ."

"ನಮ್ಮ ಪಾತ್ರೆ ಇದ್ದಂಗೆ."

"ಹೌದ್ರಿ. ಆದ್ರ ನಿಮ್ಮ ಪಾತ್ರಿಗೆ ಕೆಳಗ ನೆಲ ಐತಿ. ಅಷ್ಟು ಸಣ್ಣದಕ್ಕ ಇಳದ್ರ ನೆಲಾನ ನಡಗತೈತಿ, ಜಾಗಾನ ನಡಗತೈತಿ. ಎರಡೂ ನಿಯಮ ಕೂಡಿಸಿ, ಆ ನಡುಕ ಎಷ್ಟು ಅಂತ ಲೆಕ್ಕ ಹಾಕಿದ್ರ ಎಣಿಕಿಗೆ ಸಿಗಲಾರದ್ದು ಬರತೈತಿ. ಅಳತಿ ಇಲ್ಲದ್ದು."

"ಅಂಥದ್ದು ಬಂದ್ರೆ ನಾವು ಕೈ ಮುಗೀತೀವಿ ಕಣಪ್ಪ."

ಅವನು ಜೋರಾಗಿ ನಕ್ಕ. "ನಾವು ಎಲ್ಲೋ ತಪ್ಪೈತಿ ಅಂತೀವ್ರಿ."

ಲೋಕದಲ್ಲಿ ಎಷ್ಟೋ ದೊಡ್ಡವರು ಈ ಎರಡು ನಿಯಮ ಕೂಡಿಸಲು ಕೂತಿದ್ದಾರಂತೆ. ಇವರಿಬ್ಬರೂ ಅದರ ಒಂದು ಮೂಲೆ ಹಿಡಿದಿದ್ದರು. ಇನ್ನೊಂದು ಜಾತಿಯ ಕಣಗಳನ್ನು ತಕ್ಕ ಪ್ರಮಾಣದಲ್ಲಿ ಜೊತೆಗಿಟ್ಟರೆ, ಒಂದರ ಅಳತೆ ಮೀರಿದ್ದನ್ನು ಇನ್ನೊಂದು ಕಳೆದುಹಾಕಿ, ಕೊನೆಗೆ ಸರಿಯಾದ ಉತ್ತರ ಉಳಿಯುತ್ತದೆ ಎಂಬುದು ಅವರ ನಂಬಿಕೆ. ನಂಬಿದರೆ ಸಾಲದು, ಲೆಕ್ಕ ಮಾಡಿ ತೋರಿಸಬೇಕು. ಆ ಲೆಕ್ಕ ವರ್ಷಗಟ್ಟಲೆ ಹಿಡಿಯುವಂಥದ್ದು. ಒಂದು ಕಡೆ ಕೂಡುವ ಗುರುತು ಕಳೆಯುವ ಗುರುತಾದರೂ ಎಲ್ಲ ಹೋಯಿತು. ಅದಕ್ಕಾಗಿ ಅವರು ಒಂದು ಕ್ರಮ ಇಟ್ಟುಕೊಂಡಿದ್ದರು. ಒಂದೇ ಲೆಕ್ಕವನ್ನು ಇಬ್ಬರೂ ಬೇರೆ ಬೇರೆ ಮಾಡುವುದು, ಬೆನ್ನು ತಿರುಗಿಸಿ ಕೂರುವುದು, ಒಬ್ಬರ ಹಾಳೆ ಒಬ್ಬರು ನೋಡದೆ ಇರುವುದು. ಮುಗಿದ ಮೇಲೆ ತಾಳೆ ಹಾಕುವುದು. ಎರಡೂ ಕೂಡಿದರೆ ನಿಜ. ಇಲ್ಲದಿದ್ದರೆ ಇಬ್ಬರೂ ಮತ್ತೆ ಮೊದಲಿಂದ.

ವಾದಿರಾಜ ಅರ್ಧ ದಾರಿಯಲ್ಲಿ ಎದ್ದು ಹೋದ. ಅಮರೇಶ ಸಂಶೋಧನೆಯ ಜಾಗ ಬಿಟ್ಟು ಪೀಣ್ಯಕ್ಕೆ ಬಂದ. ಲೆಕ್ಕ ಬಿಡಲಿಲ್ಲ.

"ಅಂವ ಹೆಂಗ ವಿಚಾರ ಮಾಡ್ತಾನ ಅಂತ ನನಗ ಗೊತ್ತೈತ್ರಿ. ಎಲ್ಲಿ ನಿಲ್ತಾನ, ಯಾವುದನ್ನ ಮೊದಲು ಹಿಡೀತಾನ, ಎಲ್ಲಾ. ಆ ಚಾಪಿ ಮ್ಯಾಲ ಕುಂತ್ರ ನಾ ಅವನ ಹಾಂಗ ಮಾಡ್ತೀನಿ. ಈ ಚಾಪಿಗೆ ಬಂದ್ರ ನನ್ನಂಗ. ತಾಳೆ ಆದ ದಿನ ಅವನನ್ನ ಕಳಸ್ತೀನಿ. ಅಲ್ಲಿತನ ಬಿಡಂಗಿಲ್ಲ."

ಅವನೂ ನಾನೂ ಲಿಂಗ ಕಟ್ಟುವವರೇ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತೇವೆ. ಅವರು ಲಿಂಗದಲ್ಲಿ ಸೇರಿಹೋದರು, ಅಲ್ಲಿಗೆ ಆಯಿತು. ತಿಥಿ ಇಲ್ಲ, ಪಿಂಡ ಇಲ್ಲ, ಉಣ್ಣಲು ಯಾರೂ ತಿರುಗಿ ಬರುವುದಿಲ್ಲ. ನಮ್ಮ ಯಜಮಾನರಿಗೂ ಹಾಗೆಯೇ ಮಾಡಿದ್ದು. ತಿರುಗಿ ಬರುವವರೇ ಇಲ್ಲದ ಮನೆಯಲ್ಲಿ, ಬಂದವರನ್ನು ಕಳಿಸುವ ಕ್ರಮ ಯಾರಿಗೆ ಗೊತ್ತಿರುತ್ತದೆ? ಸತ್ತ ಗೆಳೆಯನಿಗೆ ಏನು ಕೊಡಬೇಕೆಂದು ಅಮರೇಶನಿಗೆ ಯಾರೂ ಕಲಿಸಿರಲಿಲ್ಲ. ಅವನು ಕೆಲಸ ಕೊಟ್ಟಿದ್ದ.

ಮುಂದಿನ ವರ್ಷ ವಾದಿರಾಜನ ತಂಗಿ ಭಾನುಮತಿ ಬಂದಳು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕೆಲಸ. ಊರಿನ ಆ ತುದಿಯಿಂದ ಈ ತುದಿಗೆ ಬಸ್ಸು ಬದಲಿಸಿ ಬಂದು, ಗೇಟಿನಲ್ಲಿ ನಿಂತು ನೀರು ಕೇಳಿ ಕುಡಿದಳು. ಬಾಯಿ ಚುರುಕು.

"ಏನಮ್ಮಾ, ನಿಮ್ಮ ಮಹಡಿ ಮೇಲೆ ನಮ್ಮಣ್ಣ ಇದ್ದಾನಂತೆ? ಅಮರೇಶ್ ಕಾಗದ ಬರ್ದಿದ್ದ. ಬಾಡಿಗೆ ಸರಿಯಾಗಿ ಕೊಡ್ತಿದ್ದಾನಾ?"

"ಕಾಫಿ ಮಾತ್ರ ಕೇಳ್ತಾನಮ್ಮ" ಎಂದೆ.

"ಸಕ್ಕರೆ ಇಲ್ದೆ?"

ಹೌದೆಂದೆ. ಅವಳ ಮುಖದ ನಗು ಹೋಯಿತು. ಮೇಲೆ ಹತ್ತಿದಳು, ನಾನೂ ಹಿಂದೆ ಹೋದೆ. ಅಮರೇಶ ಪಡುವಣದ ಚಾಪೆಯಲ್ಲಿದ್ದ. ಗಂಟಲು ಸರಿಮಾಡಿಕೊಂಡು ಹಾಳೆ ತಿರುಗಿಸಿದ. ಭಾನುಮತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಮರೇಶ್, ಎದ್ದೇಳು ಅಲ್ಲಿಂದ."

ಅವನು ಎದ್ದು ನಡುವೆ ಬಂದು ನಿಂತ. "ಭಾನು, ಯಾವಾಗ ಬಂದಿ?"

"ಈ ಸಲ ತಿಥಿಗೆ ಕಾಗೆ ಬರ್ಲಿಲ್ಲ ಕಣೋ. ಅಪ್ಪ ಬಿಸಿಲಲ್ಲಿ ಟೆರೇಸ್ ಮೇಲೆ ನಿಂತು ನಿಂತು ಸಾಕಾಗಿ, ಕೊನೆಗೆ ಹಸುಗೆ ಇಟ್ರು. ಅಮ್ಮ ಅಳ್ತಾ ಇದ್ಳು. ಅವನು ಎಲ್ಲಿದ್ದಾನೋ ಅಂತ. ನಂಗೆ ಹೇಳೋಕೆ ಬಾಯಿ ಬರ್ಲಿಲ್ಲ, ಪೀಣ್ಯದಲ್ಲಿ ಕೂತು ಲೆಕ್ಕ ಮಾಡ್ತಿದ್ದಾನೆ ಅಂತ."

"ಕಾಗಿ ಬರಲಿಲ್ಲಂದ್ರ ನಾ ಏನ್ ಮಾಡ್ಲಿ?"

"ಬಿಟ್ಬಿಡು ಅವನನ್ನ. ಬದುಕಿದ್ದಾಗ್ಲೂ ಕತ್ತೆ ಥರ ದುಡಿಸ್ದೆ."

"ನಾನಾ? ಊಟಕ್ಕ ಏಳಲೇ ಅಂದ್ರ ಏಳತಿರಲಿಲ್ಲ ನಿಮ್ಮಣ್ಣ!"

ಇಬ್ಬರೂ ನಕ್ಕರು.

"ತಾಳೆ ಆಗ್ಲಿ ಭಾನು. ಆಮ್ಯಾಲ ನಿನ್ನ ಮನಿಗೇ ಕಳಸ್ತೀನಿ."

"ಆಗ್ದೇ ಇದ್ರೆ?"

ಅವನು ಬಾಗಿ ಚಾಪೆಯ ಮೇಲಿನ ಹಾಳೆಗಳನ್ನು ಒಟ್ಟುಮಾಡತೊಡಗಿದ. ಅವಳು ಹೋಗುವಾಗ ನನ್ನ ಕೈ ಹಿಡಿದು, "ಕಾಫಿ ಕೊಡ್ಬೇಡಿ ಅಮ್ಮಾ" ಎಂದಳು. ಆದರೆ ಅವನು ಮತ್ತೆ ಕೇಳಿದಾಗ ಇಲ್ಲವೆನ್ನಲು ನನ್ನಿಂದಾಗಲಿಲ್ಲ. ಕೇಳಿದವನು ಯಾರು ಎಂಬುದೇ ನನಗೆ ಖಚಿತವಿರಲಿಲ್ಲ.

ತೊಂಬತ್ತೈದರಲ್ಲಿ ಮೂಡಣದ ಚಾಪೆಯ ಲೆಕ್ಕ ಮುಗಿಯಿತು. ಪೇಡೆಯ ಪೊಟ್ಟಣ ಹಿಡಿದು ಮೆಟ್ಟಿಲು ಇಳಿದು ಬಂದ. "ಕಳದುಹೋತ್ರಿ ಅವ್ವಾ! ಅಳತಿ ಇಲ್ಲದ್ದೆಲ್ಲಾ ಒಂದನ್ನೊಂದು ತಿಂದು ಸ್ವಚ್ಛ ಆತು!" ಅಷ್ಟು ಸಂತೋಷದಲ್ಲಿ ಅವನನ್ನು ನಾನು ಕಂಡಿದ್ದು ಅದೊಂದೇ ಸಲ. ಇನ್ನು ಪಡುವಣದ ಲೆಕ್ಕ ಮುಗಿಯಬೇಕು. ಅದಕ್ಕೂ ಇದೇ ಉತ್ತರ ಬಂದರೆ ಇಬ್ಬರ ಹೆಸರಿನಲ್ಲಿ ಲೋಕಕ್ಕೆ ತಿಳಿಸಬಹುದು, ವಾದಿರಾಜನನ್ನೂ ಕಳಿಸಬಹುದು.

ಆಮೇಲೆ ರಜೆ ಬಂದರೆ ಪಡುವಣದ ಚಾಪೆ, ಸಂಜೆಯಾದರೆ ಪಡುವಣದ ಚಾಪೆ. ಟೀ ಕೇಳುವುದೇ ನಿಂತುಹೋಯಿತು. ಮೈ ಇಳಿಯಿತು. ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಮೇಲೆ ಹೋದೆ. ಹಿಂದೆ ಪ್ರೆಸ್ ದಬದಬ ಬೀಳುತ್ತಿತ್ತು, ಬಿಸಿಲು ಬಾಗಿಲವರೆಗೆ ಬಂದಿತ್ತು. "ಅಮರೇಶಾ" ಎಂದೆ. ತಿರುಗಲಿಲ್ಲ. ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಹತ್ತಿರ ಹೋಗಿ ಮತ್ತೆ ಕರೆದೆ. ತಿರುಗಲಿಲ್ಲ. ನನ್ನ ಬಾಯಿಗೆ ಅದು ಹೇಗೆ ಬಂತೋ, ಮೆಲ್ಲಗೆ, "ವಾದಿರಾಜಾ" ಎಂದೆ.

"ಬಂದೇಮ್ಮಾ, ಇದೊಂದು ಸಾಲು ಮುಗಿಸ್ಬಿಡ್ತೀನಿ" ಎಂದ, ತಿರುಗದೆಯೇ, ಅಪ್ಪಟ ಬೆಂಗಳೂರಿನ ಮಾತಿನಲ್ಲಿ.

ನಾನು ಕೆಳಗೆ ಬಂದು ದೇವರ ಮುಂದೆ ಕೂತೆ. ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಅವನು ಇಳಿದು ಬಂದು, "ಏನ್ ಮಾಡೀರಿ ಅವ್ವಾ ಇವತ್ತ?" ಎಂದು ತಟ್ಟೆಯ ಮುಂದೆ ಕೂತ. ಅವನಿಗೆ ಏನೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಮರುವರ್ಷ ಪಡುವಣದ ಲೆಕ್ಕವೂ ಮುಗಿಯಿತು. ತಾಳೆಯಾಗಲಿಲ್ಲ.

ಮೂಡಣದಲ್ಲಿ ಎಲ್ಲ ಕಳೆದುಹೋಗಿತ್ತು. ಪಡುವಣದಲ್ಲಿ ಅಳತೆಯಿಲ್ಲದ್ದು ಹಾಗೆಯೇ ಉಳಿದಿತ್ತು. ಅವನು ಎರಡನ್ನೂ ಮತ್ತೆ ಸಾಲುಸಾಲಾಗಿ ನೋಡಿದ. ಮೂಡಣದಲ್ಲೂ ತಪ್ಪು ಸಿಗಲಿಲ್ಲ, ಪಡುವಣದಲ್ಲೂ ಸಿಗಲಿಲ್ಲ. ಕೆಲಸಕ್ಕೆ ಹೋಗುವುದು ತಪ್ಪಿತು. ಗಡ್ಡ ಬಂತು. ಅವನ ಹಳೆಯ ಗುರುಗಳು ಬೇರೆ ಅವಸರ ಮಾಡುತ್ತಿದ್ದರು.

"ಬ್ಯಾರೆ ದೇಶದವರು ಇದನ್ನ ಹಿಡದಾರ, ಲಗೂನ ಕಳಿಸು ಅಂತಾರ್ರಿ. ಇಬ್ಬರೂ ಬ್ಯಾರೆ ಬ್ಯಾರೆ ಮಾಡಿ ನೋಡೀವಿ, ಉತ್ತರ ಒಂದ ಬಂದೈತಿ ಅಂತ ಬರದು, ಇಬ್ಬರ ಹೆಸರೂ ಹಾಕು ಅಂತಾರ. ಅವರಿಗೆ ಈ ಚಾಪಿ ಸುದ್ದಿ ಗೊತ್ತಿಲ್ಲ, ಅಂವ ಸಾಯೂ ಮೊದಲ ತನ್ನ ಲೆಕ್ಕ ಮುಗಿಸ್ಯಾನ ಅಂತ ತಿಳದಾರ."

"ಅವನು ಒಪ್ಪಿದ್ದಾನಾ?"

"ಇಲ್ರಿ."

"ಒಪ್ಪದೆ ಇರೋನ ಹೆಸ್ರು ಹೆಂಗಪ್ಪಾ ಹಾಕ್ತೀಯಾ?"

ಅವನಿಗೆ ಸಿಟ್ಟು ಬಂತು. "ಅಂವ ಎಲ್ಲದಾನ್ರಿ ಒಪ್ಪಾಕ? ಅದೂ ನಾನ, ಇದೂ ನಾನ! ಸತ್ತಾಂವ ಬಂದು ಲೆಕ್ಕ ಮಾಡ್ತಾನೇನು?" ಎಂದು ಕೂಗಿದ. ಮೊದಲ ಸಲ ಆ ಮಾತನ್ನು ಅವನೇ ಆಡಿದ್ದ. ಆಡಿದವನೇ ಪಡುವಣದ ಚಾಪೆಯ ಕಡೆ ನೋಡಿ, ಯಾರಿಗೋ ನೋವಾಯಿತೇನೋ ಎಂಬಂತೆ ತಲೆ ತಗ್ಗಿಸಿದ.

ಆ ವರ್ಷದ ಆಯುಧಪೂಜೆ ಬಂತು. ನಮ್ಮ ಪೀಣ್ಯದಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಲೇತ್‌ಗಳಿಗೆ ಅರಿಶಿನ ಕುಂಕುಮ, ಲಾರಿಗಳಿಗೆ ಬಾಳೆಕಂದು, ಬೀದಿಬೀದಿಯಲ್ಲಿ ಒಡೆದ ಬೂದುಗುಂಬಳ. ಪೂಜೆಯಾದ ಮೇಲೆ ಯಾವ ಯಂತ್ರವನ್ನೂ ನಡೆಸುವಂತಿಲ್ಲ. ಯಾರ ಆಯುಧವನ್ನೂ ಯಾರೂ ಮುಟ್ಟುವಂತಿಲ್ಲ. ನಾನು ಕತ್ತರಿ, ಈಳಿಗೆಮಣೆ, ಯಜಮಾನರ ಸ್ಪ್ಯಾನರ್ ಎಲ್ಲ ದೇವರ ಮುಂದೆ ಇಟ್ಟು, ಅಮರೇಶನ ಪೆನ್ನುಗಳನ್ನೂ ಕೇಳಿದೆ. ಅವನು ಒಂದು ಗಳಿಗೆ ಅನುಮಾನಿಸಿ ಎಲ್ಲವನ್ನೂ ತಂದುಕೊಟ್ಟ, ಬರೆದ ಹಾಳೆಗಳನ್ನೂ ಕೊಟ್ಟ. ವಿಭೂತಿ ಹಚ್ಚಿ ಹೂವಿಟ್ಟೆ.

ಮಧ್ಯಾಹ್ನ ಕಡಲೆಪುರಿ, ಬಾಳೆಹಣ್ಣು ತಟ್ಟೆಯಲ್ಲಿ ಹಾಕಿಕೊಂಡು ಮಹಡಿ ಹತ್ತಿದೆ. ಪ್ರೆಸ್ ನಿಂತಿತ್ತು. ವರ್ಷವಿಡೀ ಅದುರುವ ಮನೆ ಅಲುಗದೆ ನಿಂತಾಗ ಕಾಲ ಕೆಳಗೆ ನೆಲವೇ ಇಲ್ಲವೇನೋ ಅನ್ನಿಸುತ್ತದೆ. ಬಾಗಿಲ ಹತ್ತಿರ ಹೋದಾಗ ಒಳಗೆ ಮಾತು ಕೇಳಿಸಿತು. ಬರೆಯಲು ಪೆನ್ನಿಲ್ಲ, ನೋಡಲು ಹಾಳೆಯಿಲ್ಲ. ಬಾಯಲ್ಲೇ ಲೆಕ್ಕ ನಡೆಸಿದ್ದ. ಅಮರೇಶ ಕೋಣೆಯ ನಡುವೆ, ಬರಿ ನೆಲದ ಮೇಲೆ, ಕಣ್ಣು ಮುಚ್ಚಿ ಒಬ್ಬನೇ ಕೂತಿದ್ದ. ಒಂದು ಮಾತು ಬೆಂಗಳೂರಿನದು, ಒಂದು ರಾಯಚೂರಿನದು.

"ಲೆಕ್ಕದಲ್ಲಿ ಆ ತುಣುಕನ್ನ ಯಾಕೋ ಬಿಟ್ಟೆ?"

"ಅದು ಸೊನ್ನಿ ಐತಿ."

"ಸೊನ್ನೆ ಅಂತ ಯಾರು ಹೇಳಿದ್ದು?"

"ಎಲ್ಲಾರೂ ಬಿಡ್ತಾರ."

"ಎಲ್ಲಾರೂ ಬಿಡ್ತಾರೆ ಅಂತ ನೀನೂ ಬಿಟ್ಯಾ? ನಾನಿಲ್ಲ ಅಂತ ಸಲೀಸಾಗ್ಬಿಟ್ಯಾ ಮಗಾ?"

"ಉದ್ದ, ಅಗಲ, ಎತ್ತರ, ಕಾಲ ಅಂತ ನಮ್ಮ ನಾಕು ಅಳತಿ ಜಗತ್ತಿನಾಗ ಅದು ಸೊನ್ನಿನ ಅಲ್ಲೇನು?"

"ನಾವು ಲೆಕ್ಕ ಮಾಡೋದು ಅಲ್ಲಿ ನಿಂತ್ಕೊಂಡಲ್ಲ ಗುರು. ನಾಲ್ಕರಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರ್ದು ಮಾಡ್ತೀವಿ. ಅಲ್ಲಿ ಅದು ಇರತ್ತೆ. ಹೊತ್ಕೊಂಡು ಹೋಗು. ಕೊನೇವರ್ಗೂ ಹೊತ್ಕೊಂಡು ಹೋಗು."

ಆಮೇಲೆ ಅಮರೇಶನ ದನಿ, ಸಣ್ಣಗೆ, "ಹೊತ್ರ ಉಳಿತೈತಲ್ಲೋ. ಅಳತಿ ಇಲ್ಲದ್ದೆಲ್ಲಾ ಉಳಿತೈತಿ. ನಮ್ಮದು ಸುಳ್ಳಾಗತೈತಿ."

ನಾನು ತಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟು ಇಳಿದುಬಂದೆ.

ಹಬ್ಬ ಮುಗಿದ ಮೇಲೆ ಪೆನ್ನು ತೆಗೆದುಕೊಂಡು ಹೋಗಿ, ಮೂಡಣದ ಲೆಕ್ಕದಲ್ಲಿ ಬಿಟ್ಟದ್ದನ್ನು ಸೇರಿಸಿ ಮತ್ತೆ ಮಾಡಿದ. ಕಾರ್ತೀಕದ ಹೊತ್ತಿಗೆ ತಾಳೆಯಾಯಿತು. ಎರಡು ಕಡೆಯೂ ಒಂದೇ. ಅವರು ಹಿಡಿದ ದಾರಿಯಲ್ಲಿ ಎರಡು ನಿಯಮ ಕೂಡುವುದಿಲ್ಲ. ಆ ಬಾಗಿಲು ಮುಚ್ಚಿದೆ ಎಂದು ಬರೆದು, ಇಬ್ಬರ ಹೆಸರೂ ಹಾಕಿ ಕಳಿಸಿದ. ಎಲ್ಲೋ ಹೊರದೇಶದಲ್ಲಿ ಅಚ್ಚಾಯಿತಂತೆ. ಗುರುಗಳು ಆಮೇಲೆ ಅವಸರ ಮಾಡಲಿಲ್ಲ.

ಭಾನುಮತಿ ಬಂದಳು. ಅವನು ಹೇಳಿದ್ದನ್ನೆಲ್ಲ ಕೇಳಿ, "ಇಷ್ಟೇನಾ? ಇಷ್ಟಕ್ಕಾ?" ಎಂದಳು.

"ಇಷ್ಟ. ಆದ್ರ ಖರೇ ಐತಿ" ಎಂದ.

ಅವಳು ಕಣ್ಣೊರೆಸಿಕೊಂಡು, ಪಡುವಣದ ಚಾಪೆಯನ್ನು ತಾನೇ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಗೆ ಹೋದಳು. ಆ ಸಲದ ತಿಥಿಗೆ ಕಾಗೆ ಬಂತೋ ಇಲ್ಲವೋ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಮರೇಶ ಮತ್ತೆ ಲೆಕ್ಕಕ್ಕೆ ಕೂರಲಿಲ್ಲ. ಗಡ್ಡ ತೆಗೆಸಿದ, ಊಟ ಸರಿಯಾಗಿ ಮಾಡಿದ, ಟೀ ಕೇಳಿದ. ನೋಡಿದವರಿಗೆ ಸುಧಾರಿಸಿದ ಎಂದೇ ಅನ್ನಿಸುತ್ತಿತ್ತು. ಆದರೆ ಮಾತಿನ ನಡುವೆ ನಿಂತುಬಿಡುತ್ತಿದ್ದ. ಇನ್ನೊಬ್ಬರು ಒಪ್ಪಿದರೆ ಮುಂದುವರಿಯೋಣ ಎಂಬಂತೆ ಕಾಯುತ್ತಿದ್ದ. ಯಾರೂ ಏನೂ ಅನ್ನದಿದ್ದಾಗ ಆಡಲು ಹೊರಟ ಮಾತನ್ನು ಅಲ್ಲಿಗೇ ಬಿಡುತ್ತಿದ್ದ.

ತೊಂಬತ್ತೇಳರ ಬೇಸಿಗೆಯಲ್ಲಿ ಅವನ ಊರ ಕಡೆಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹೊರಟ ದಿನ ಸಾಮಾನೆಲ್ಲ ಟೆಂಪೋಗೆ ಏರಿತ್ತು. ಬುತ್ತಿ ಕೊಟ್ಟೆ. ಕಾಲಿಗೆ ನಮಸ್ಕಾರ ಮಾಡಿ ಮುಂದಿನ ಸೀಟಿನಲ್ಲಿ ಹತ್ತಿ ಕೂತ. ಡ್ರೈವರು ಗಾಡಿ ಚಾಲೂ ಮಾಡಿದ. ಅಮರೇಶ ಒಂದು ನಿಮಿಷ ನಿಲ್ಲಲು ಹೇಳಿ, ಕಿಟಕಿಯಿಂದ ಬಾಗಿ ನನ್ನ ಮುಖವನ್ನೇ ನೋಡಿದ.

"ಅವ್ವಾ, ಆ ಹಬ್ಬದ ದಿನ ನೀವು ಬಾಗಿಲದಾಗ ನಿಂತಿದ್ರಿ. ಹೊಸ್ತಿಲ ಮ್ಯಾಲ ತಟ್ಟಿ ಇತ್ತಲ್ಲ, ಆಮ್ಯಾಲ ನೋಡೀನಿ. ನನಗ ನಾ ಕೇಳಿಕೊಂಡ್ರ ತಾಳೆ ಆಗವಲ್ದು, ಅದಕ್ಕ ನಿಮ್ಮನ್ನ ಕೇಳ್ತೀನಿ. ಅದನ್ನ ಬಿಡಬ್ಯಾಡ, ಕೊನೀತನ ಹೊತಗೊಂಡು ಹೋಗು ಅಂತ ಹೇಳಿದಾಂವ ಯಾರ್ರೀ? ಅಂವನೋ, ನಾನೋ?"